ಕಂಬದ ಹಿಂದಿನ ಧಾರೆ

ಹೋದ ವಾರ ನಮ್ಮ ಸ್ಟುಡಿಯೊದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರ ಸಿ.ಪಿ.ಯು. ಬಿಚ್ಚಿದೆ. ಒಳಗಿನಿಂದ ಊದುಬತ್ತಿಯ ವಾಸನೆ ಬಂತು. ನೀವು ನಂಬಬೇಕು, ಫ್ಯಾನಿನ ರೆಕ್ಕೆಗಳಿಗೆಲ್ಲ ಬೂದಿ ಮೆತ್ತಿತ್ತು. ಮಾಲೀಕರಾದ ರುದ್ರಣ್ಣನವರು ದಿನವೂ ಅದಕ್ಕೆ ಕುಂಕುಮವಿಟ್ಟು ಊದುಬತ್ತಿ ಬೆಳಗುತ್ತಿದ್ದರು. ಅರಸೀಕೆರೆ ಸುತ್ತಮುತ್ತ ಮದುವೆಯಾದವರೆಲ್ಲರ ಮದುವೆ ಆ ಡಬ್ಬದೊಳಗೆ ಇನ್ನೊಮ್ಮೆ ನಡೆಯುತ್ತಿತ್ತು. ಆದರೆ ಆ ಎರಡನೆಯ ಮದುವೆಯಲ್ಲಿ ಯಾರಿರಬೇಕು, ಯಾರಿರಬಾರದು ಎಂದು ತೀರ್ಮಾನಿಸುವವರು ನಾವಿಬ್ಬರೇ.

ನಾನು ಅಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಕಲಿಯಲು ಸೇರಿದ್ದು ಎರಡು ಸಾವಿರದ ದಶಕ ಮುಗಿಯುತ್ತಾ ಬಂದಾಗ. ಡೈರಿಯ ಹುಚ್ಚು ಆಗಲೂ ಇತ್ತು. ಎಷ್ಟು ಶಾಟು, ಎಷ್ಟು ಕಟ್, ಕರೆಂಟ್ ಎಷ್ಟು ಸಲ ಹೋಯಿತು, ಎಲ್ಲವನ್ನೂ ಬರೆದಿಡುತ್ತಿದ್ದೆ. "ಉಸಿರಾಡಿದ್ದನ್ನೂ ಬರ್ಕೊಳ್ತೀಯೇನಮ್ಮ?" ಎಂದು ರುದ್ರಣ್ಣ ಕಿಚಾಯಿಸುತ್ತಿದ್ದರು. ಒಂದು ದಿನ ಅದನ್ನೂ ಎಣಿಸಲು ಹೋಗಿ, ಎಣಿಸುವ ಭರದಲ್ಲಿ ಉಸಿರೇ ಕಟ್ಟಿದಂತಾಗಿ ಆ ಲೆಕ್ಕ ಬಿಟ್ಟುಬಿಟ್ಟೆ.

ಹಳೇಬೀಡಿನ ಛತ್ರದಲ್ಲಿ ಮದುವೆಯಾದ ಸವಿತಾ, ನಾವು ಕಳಿಸಿದ ಮದುವೆಯ ಸಿ.ಡಿ. ತಲುಪಿದ ಮೇಲೆ ಬೇಲೂರಿನ ಗಂಡನ ಮನೆಯಿಂದ ಫೋನು ಮಾಡಿದಳು. "ಅಕ್ಕಾ, ಎರಡು ಸಲ ನೋಡ್ದೆ. ನಮ್ಮಮ್ಮ ಎಲ್ಲೂ ಇಲ್ವಲ್ಲ?"

ಡೈರಿ ತೆಗೆದೆ. 'ಗೌರಮ್ಮ, ಕಟ್ ೯.' ನನ್ನದೇ ಅಕ್ಷರ. ಸವಿತಾಳ ತಂದೆ ಎಂದೋ ತೀರಿಕೊಂಡಿದ್ದರು. ಧಾರೆ ಎರೆದವರು ಚಿಕ್ಕಪ್ಪ, ಚಿಕ್ಕಮ್ಮ. ತಾಯಿ ಗೌರಮ್ಮ ಧಾರೆಯ ಹೊತ್ತಿನಲ್ಲಿ ಕಂಬದ ಹಿಂದೆ, ಉಳಿದ ಹೊತ್ತೆಲ್ಲ ಅಡುಗೆಮನೆಯಲ್ಲಿ. ಗಂಡನಿಲ್ಲದವರು ಧಾರೆಯ ಹತ್ತಿರ ಕಂಡರೆ ಆ ಶಾಟು ತೆಗೆದುಹಾಕಬೇಕೆಂದು ನಾನು ಕಲಿತಿದ್ದೆ, ಕಣ್ಣು ಮಿಟುಕಿಸಿದವರ ಶಾಟು ತೆಗೆದುಹಾಕುವ ಹಾಗೆಯೇ. ಒಂಬತ್ತು ಸಲ ಒಬ್ಬ ತಾಯಿಯನ್ನು ತೆಗೆದುಹಾಕಿ, ಲೆಕ್ಕ ಸರಿಹೋಯಿತೆಂದು ಕೆಳಗೆ ಗೆರೆ ಎಳೆದಿದ್ದೆ.

ಆ ಶಾಟುಗಳನ್ನು ವಾಪಸ್ ಸೇರಿಸೋಣವೆಂದು ರುದ್ರಣ್ಣನವರಿಗೆ ಹೇಳಿದೆ. "ಗಂಡಿನ ಕಡೆಯೋರು ಅಪಶಕುನ ಅಂತ ಸಿ.ಡಿ. ತಂದು ಮುಖದ ಮೇಲೆ ಬಿಸಾಕಿದ್ದು ನೋಡಿದೀನಿ ಕಣಮ್ಮ. ಈ ಮಿಷನ್‌ನಲ್ಲಿ ಅದು ಬೇಡ" ಎಂದರು.

"ಬೇರೆ ಮಿಷನ್‌ನಲ್ಲಿ?"

"ಅದೆಲ್ಲೈತೆ ನಿನ್ನತ್ರ ಬೇರೆ ಮಿಷನ್ನು?"

ಇತ್ತು. ಎಲ್ಲಿದೆ ಎಂದು ಮಾತ್ರ ನನಗೂ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಒಂದು ವೆಬ್‌ಸೈಟ್ ನೋಡಿದ್ದೆ. ಶಾಟುಗಳನ್ನು ಅದಕ್ಕೆ ಕಳಿಸಿದರೆ ಸಾಕು, ಎಡಿಟಿಂಗ್ ಅಲ್ಲಿಯೇ. ಪಾಸ್‌ವರ್ಡ್ ಇದ್ದವರು ಯಾವ ಊರಿನಿಂದಲಾದರೂ ತೆರೆಯಬಹುದು. ಮೂಲ ಟೇಪಿನಿಂದ ಧಾರೆಯ ಹನ್ನೊಂದು ಶಾಟು, ಗೌರಮ್ಮನವರ ಒಂಬತ್ತು ಶಾಟು ಇಳಿಸಿಕೊಂಡು, ಗಾತ್ರ ಚಿಕ್ಕದು ಮಾಡಿ ಪೆನ್‌ಡ್ರೈವಿನಲ್ಲಿ ಒಯ್ದೆ. ಇಪ್ಪತ್ತನ್ನೂ ಕಳಿಸಲು ಮೂರು ದಿನ ಹಿಡಿಯಿತು. ಕರೆಂಟ್ ಹೋದದ್ದು ಐದು ಸಲ. ಅಮ್ಮ ಎಲ್ಲಿರಬೇಕೆಂದು ಮಗಳೇ ತೀರ್ಮಾನಿಸಲಿ ಎಂದು ಪಾಸ್‌ವರ್ಡನ್ನು ಸವಿತಾಳಿಗೆ ಕೊಟ್ಟೆ.

ನಾಲ್ಕನೆಯ ದಿನ ಸವಿತಾ ಬೇಲೂರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತಳು, ನಾನು ಅರಸೀಕೆರೆಯದರಲ್ಲಿ. ಇಬ್ಬರ ಕಿವಿಯಲ್ಲೂ ಮೊಬೈಲು.

"ಏನಾದ್ರೂ ಹಾಳಾಗ್ಬಿಟ್ರೆ?"

"ಟೇಪು ನನ್ನ ಹತ್ರ ಭದ್ರವಾಗಿದೆ. ಎಷ್ಟು ಬೇಕೋ ಹಾಳು ಮಾಡು."

ಫೋನಿನಲ್ಲಿ ಮೌಸಿನ ಟಕ್ ಸದ್ದು ಕೇಳಿಸಿತು. ನಾನು ಪುಟವನ್ನು ರಿಫ್ರೆಶ್ ಮಾಡಿದೆ. ಸಾಲಿನಲ್ಲಿ ಒಂದು ಶಾಟು ಜಾಗ ಬದಲಿಸಿತ್ತು! ನಾನು ಏನನ್ನೂ ಮುಟ್ಟಿರಲಿಲ್ಲ. ಎರಡು ಗಂಟೆ ಬಸ್ಸಿನಲ್ಲಿ ಕಳೆದರೆ ತಲುಪುವ ಊರಿನಲ್ಲಿ ಕೂತ ಕೈಯೊಂದು ನನ್ನ ಕಣ್ಣೆದುರಿಗೆ ಕೆಲಸ ಮಾಡುತ್ತಿತ್ತು. ಮತ್ತೆ ರಿಫ್ರೆಶ್, ಇನ್ನೊಂದು ಶಾಟು ಸರಿದಿತ್ತು. ಹದಿನಾಲ್ಕನೆಯ ಸಲಕ್ಕೆ ಅವಳೆಂದಳು, "ಈಗ ನೋಡಿ ಅಕ್ಕಾ."

ಚಿಕ್ಕಪ್ಪ, ಚಿಕ್ಕಮ್ಮ ತೆಂಗಿನಕಾಯಿಯ ಮೇಲೆ ನೀರು ಬಿಡುತ್ತಾರೆ. ಆ ಶಾಟಿನ ಬೆನ್ನಿಗೇ ಕಂಬದ ಮರೆಯ ಗೌರಮ್ಮ. ಬಲಗೈ ಸೊಂಟದ ಮಟ್ಟದಲ್ಲಿ ತುಸು ವಾಲಿದೆ, ಇಲ್ಲದ ಗಿಂಡಿಯನ್ನು ಬೆರಳುಗಳು ಹಿಡಿದಿವೆ. ಮತ್ತೆ ನೀರು. ಮತ್ತೆ ಆ ಕೈ, ಇನ್ನಷ್ಟು ಬಾಗಿದೆ. ಅಲ್ಲಿ ನೀರು ನಿಂತಾಗ ಇಲ್ಲಿ ಕೈ ನೆಟ್ಟಗಾಗುತ್ತದೆ. ಆಕೆ ಕಂಬದ ಹಿಂದೆ ನಿಂತೇ ಮಗಳನ್ನು ಧಾರೆ ಎರೆದು ಕೊಟ್ಟಿದ್ದರು. ಆ ಒಂಬತ್ತೂ ಶಾಟುಗಳನ್ನು ನೋಡಿದ್ದೆ, ಎಣಿಸಿದ್ದೆ. ಇದು ಮಾತ್ರ ಕಂಡಿರಲಿಲ್ಲ.

ಮಾರನೆಯ ದಿನ ರುದ್ರಣ್ಣನವರನ್ನು ಕರೆದೊಯ್ದು ತೋರಿಸಿದೆ. ಎರಡು ಸಲ ಹಾಕಿಸಿಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಹೊಸ ಸಿ.ಡಿ. ಮಾಡು. ಗಂಡಿನ ಕಡೆಯೋರು ಕೇಳಿದ್ರೆ ನಾನು ಮಾತಾಡ್ತೀನಿ." ಹೊರಗೆ ಬಂದ ಮೇಲೆ ಕೇಳಿದರು, "ಅಲ್ಲ, ಆ ಹುಡುಗಿ ಎಡಿಟಿಂಗ್ ಎಲ್ಲಿ ಕಲ್ತಳು?"

ಗೌರಮ್ಮನವರೂ ಹೊಸ ಸಿ.ಡಿ. ನೋಡಿ ಹಳೇಬೀಡಿನಿಂದ ಫೋನು ಮಾಡಿದರು. "ನಾನು ಹಂಗೆ ಕೈ ಆಡ್ಸಿದ್ದು ನಂಗೇ ಗೊತ್ತಿರ್ನಿಲ್ಲ ಕಣವ್ವಾ. ಎಲ್ಲಾರೂ ನೋಡ್ಬುಟ್ರಾ?"

"ನೋಡಿದ್ರಮ್ಮ."

"ನೋಡ್ಲಿ ಬುಡು."

ಈಗ ನನ್ನ ಎಡಿಟಿಂಗ್ ಪೂರ್ತಿ ಇಂಟರ್ನೆಟ್ಟಿನಲ್ಲಿಯೇ. ನಾನು ತೆಗೆದುಹಾಕಿದ ಶಾಟುಗಳನ್ನೂ ಸೇರಿಸಿ ಎಲ್ಲವನ್ನೂ ಮದುವೆ ಮನೆಯವರಿಗೆ ತೆರೆದಿಡುತ್ತೇನೆ. ಇವತ್ತು ಜಾವಗಲ್ಲಿನ ಮದುವೆಯೊಂದರಲ್ಲಿ ಯಾರೋ ಒಂದು ಶಾಟನ್ನು ವಾಪಸ್ ಇಟ್ಟಿದ್ದಾರೆ. ಊಟದ ಪಂಕ್ತಿಯ ಕೊನೆಯಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತ ಒಬ್ಬ ಮುದುಕ, ಅಷ್ಟೇ. ಯಾಕಿಟ್ಟರೋ ತಿಳಿಯದು. ಇನ್ನೊಮ್ಮೆ ನೋಡುತ್ತಿದ್ದೇನೆ.