ರೋಸ್ ಅಜ್ಜಿಯ ಶಾಲೆ

ಕಾಡು ಅಕ್ಕಿ ಬೇಯುವಾಗ ಒದ್ದೆ ಹುಲ್ಲಿಗೆ ಹೊಗೆ ಬೆರೆತಂಥ ವಾಸನೆ ಬರುತ್ತದೆ. ಮೊನ್ನೆ ಆಸ್ಟಿನ್‌ನಲ್ಲಿ ಗೆಳತಿಯ ಅಡುಗೆಮನೆಯಲ್ಲಿ ಆ ವಾಸನೆ ಮೂಗಿಗೆ ಬಿದ್ದಾಗ ರೋಸ್ ಅಜ್ಜಿಯ ಒಲೆ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆ ಅವರದು. ಅಪ್ಪ ಅಮ್ಮ ಆಫೀಸಿನಿಂದ ಬರುವವರೆಗೆ ನಾನು ಅಜ್ಜಿ ಬಡಿಸಿದ್ದನ್ನು ಉಂಡು ಅಲ್ಲೇ ಇರುತ್ತಿದ್ದೆ. ಅಜ್ಜಿ ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನದವರು. ಗಂಡ ತೀರಿಕೊಂಡ ಮೇಲೆ ಉತ್ತರದ ಸರೋವರಗಳ ನಾಡು ಬಿಟ್ಟು ಮಗಳು ಲಿಂಡಾಳ ಬಳಿಗೆ ಬಂದಿದ್ದರು. ತಮ್ಮ ನಾಡಿನ ಸರೋವರಗಳಲ್ಲಿ ತಾನಾಗಿ ಬೆಳೆಯುವ ಆ ಅಕ್ಕಿಯನ್ನು ಬೇಯಿಸುತ್ತ ಒಲೆಯ ಮುಂದೆ ನಿಂತು, ಯಾವ ಅವಸರವೂ ಇಲ್ಲದೆ, ಊರಿನ ಶಾಲೆಯ ಕಥೆ ಹೇಳುತ್ತಿದ್ದರು.

ಚಿಕ್ಕವರಿದ್ದಾಗ ಅವರನ್ನು ಸರ್ಕಾರದವರು ದೂರದ ವಸತಿಶಾಲೆಯೊಂದಕ್ಕೆ ಒಯ್ದಿದ್ದರಂತೆ. ಅಲ್ಲಿ ಜಡೆ ಕತ್ತರಿಸಿದರು. ಮನೆಮಾತು ಆಡಿದರೆ ಬಾಯಿಗೆ ಸೋಪು ಹಾಕಿ ತಿಕ್ಕಿದರು. ಊರಿಗೆ ಮರಳುವಷ್ಟರಲ್ಲಿ ತಾಯಿಯೊಂದಿಗೆ ಮಾತಾಡಲು ಭಾಷೆಯೇ ಉಳಿದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬುಡಕಟ್ಟಿನವರೇ ಸೇರಿ ಊರಿನ ಹಳೆಯ ಸಭಾಂಗಣದಲ್ಲಿ ತಮ್ಮದೇ ಶಾಲೆ ತೆರೆದರು. ಪಟ್ಟಣದ ಶಾಲೆಯ ಹೀಯಾಳಿಕೆ ತಾಳಲಾರದೆ ಬಿಟ್ಟುಬಂದ ಮಕ್ಕಳೇ ಮೊದಲ ವಿದ್ಯಾರ್ಥಿಗಳು. ರೋಸ್ ಅಜ್ಜಿ ಅಡುಗೆಗೆ ಸೇರಿದರು. ಹಿರಿಯರು ಪಾಠ ಹೇಳುವಾಗ ಅಡುಗೆಮನೆಯ ಬಾಗಿಲು ತೆರೆದಿಟ್ಟುಕೊಂಡು, ನೀರಿಗೆ, ಬೆಂಕಿಗೆ, ಅಮ್ಮನಿಗೆ ಏನೆನ್ನುತ್ತಾರೆಂದು ಪುಟ್ಟ ಮಕ್ಕಳ ಜೊತೆ ತಾವೂ ಮತ್ತೆ ಕಲಿತರು. "ಅಷ್ಟು ಹೊತ್ತಿಗೆ ನಮ್ಮಮ್ಮ ಇರಲಿಲ್ಲ," ಎಂದು ಹೇಳಿ ಸೌಟು ಆಡಿಸುತ್ತಿದ್ದರು.

ಇದನ್ನೆಲ್ಲ ನಾನು ಅಮ್ಮನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಅಮ್ಮ ಪೂರ್ತಿ ಕೇಳಿ, "ಇನ್ನೊಂದ್ಸಲ ಕನ್ನಡದಲ್ಲಿ ಹೇಳು ಪುಟ್ಟಿ, ನಿಧಾನಕ್ಕೆ," ಎನ್ನುತ್ತಿದ್ದಳು. ತಡವರಿಸುತ್ತ ಹೇಳುತ್ತಿದ್ದೆ.

ನಾನು ಮಿಡಲ್ ಸ್ಕೂಲ್ ಸೇರಿದ ವರ್ಷ ಅಜ್ಜಿಗೆ ಸ್ಟ್ರೋಕ್ ಆಯಿತು. ಇಂಗ್ಲಿಷ್ ಹೊರಟುಹೋಯಿತು, ಬಾಯಲ್ಲಿ ಉಳಿದದ್ದು ಒಜಿಬ್ವೆ ಭಾಷೆ ಮಾತ್ರ. ಆಸ್ಪತ್ರೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರು, ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆ ಶಾಲೆ ಶುರುವಾಗುವ ಮೊದಲೇ ಊರು ಬಿಟ್ಟಿದ್ದ ಲಿಂಡಾಗೂ ಭಾಷೆ ಬಾರದು. ಅವಳು ಗೋಡೆಗೆ ಒರಗಿ ಅಳುತ್ತಿದ್ದಾಗ, ಆ ಶಾಲೆಗೇ ಫೋನ್ ಮಾಡು ಎಂದು ಅಮ್ಮ ಹೇಳಿದಳು. ಲಿಂಡಾ ಫೋನನ್ನು ಅಜ್ಜಿಯ ಕಿವಿಯ ಬಳಿ ಹಿಡಿದಳು. ಆ ಕಡೆಯಿಂದ ಮೊದಲು ಒಬ್ಬ ಶಿಕ್ಷಕಿಯ ದನಿ, ಆಮೇಲೆ ಒಂದು ತರಗತಿಯಷ್ಟು ಮಕ್ಕಳ ದನಿ. ಅಜ್ಜಿಯ ಮುಖ ಸಡಿಲವಾಯಿತು. ಕಣ್ಣು ಮುಚ್ಚಿಕೊಂಡರು.

ಮನೆಗೆ ಬರುವಾಗ ಕಾರಿನಲ್ಲಿ, ಅಜ್ಜಿ ಏನು ಕೇಳುತ್ತಿದ್ದರು ಎಂದೆ.

"ಮಕ್ಕಳದು ಊಟ ಆಯ್ತಾ ಅಂತ ಕೇಳ್ತಿದ್ರಂತೆ, ಆ ಟೀಚರ್ ಲಿಂಡಾಗೆ ಹೇಳಿದ್ರು," ಎಂದಳು ಅಮ್ಮ. "ಆಯ್ತು ಅಂತ ಎಲ್ರೂ ಹೇಳಿದ್ರಂತೆ."

ಅದೇ ವಾರ ಅಜ್ಜಿ ತೀರಿಕೊಂಡರು. ಲಿಂಡಾ ಮನೆ ಖಾಲಿ ಮಾಡಿ ಹ್ಯೂಸ್ಟನ್‌ಗೆ ಶಿಫ್ಟ್ ಆದಳು. ನಾನು ಸ್ಕೂಲಿನಿಂದ ಬಂದು, ಆ ಬಾಗಿಲು ದಾಟಿ ಮೆಟ್ಟಿಲು ಹತ್ತಿ, ನಮ್ಮ ಮನೆಯ ಬೀಗ ತೆಗೆದು, ಒಬ್ಬಳೇ ತಟ್ಟೆಗೆ ಬಡಿಸಿಕೊಂಡು ಕೂರುವುದನ್ನು ಕಲಿತೆ.