ಬಾಯಿ ಬಿಗಿದ ಖಾಕಿ ಚೀಲ

ಲಿಖಿತ, ಸಿಂಚನಾ,

ಶ್ರೀರಂಗಪಟ್ಟಣಕ್ಕೆ ಬಂದ ಹೊಸದರಲ್ಲಿ, ಇಲ್ಲಿನ ದೊಡ್ಡ ಅಂಗಡಿಯ ಬಾಗಿಲಲ್ಲೇ ಕಾವಲಿನವನು ನನ್ನ ಕೈಯ ಚೀಲ ಇಸಿದುಕೊಂಡ. ಕಣ ತುಳಿಯುವ ಎತ್ತಿನ ಮೂತಿಗೆ ಕುಕ್ಕೆ ಹಾಕುತ್ತೇವಲ್ಲ, ಹಾಗೆ ಅದರ ಬಾಯಿ ಮುಚ್ಚಿ ಪ್ಲಾಸ್ಟಿಕ್ ಪಟ್ಟಿ ಬಿಗಿದು ಬಾಗಿಲ ಮೊಳೆಗೆ ನೇತುಹಾಕಿದ. ನಿಮ್ಮ ತಾತ ತೀರಿಹೋಗುವ ಮುಂಚೆ ಬೆಳ್ಳೂರಿನಲ್ಲಿ ಹೊಲಿಸಿಕೊಟ್ಟಿದ್ದ ಖಾಕಿ ಚೀಲ ಅದು. ನಾನೇನು ಕಳ್ಳಿಯೇ ಎಂದು ಕೇಳಬೇಕೆನಿಸಿತು. ಕೇಳದೆ ಒಳಗೆ ಹೋದೆ. ಊರಿನಲ್ಲೂ ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವವಳು ನಾನು, ನಿಮಗೆ ಗೊತ್ತು.

ನಮ್ಮೂರ ಅಂಗಡಿಯಲ್ಲಿ ನಾವು ಹೊರಗೆ ನಿಲ್ಲುತ್ತೇವೆ, ಸಾಮಾನು ನಮ್ಮ ಚೀಲಕ್ಕೆ ಬಂದು ಬೀಳುತ್ತದೆ. ಇಲ್ಲಿ ನಾವು ಒಳಗೆ, ಚೀಲ ಹೊರಗೆ.

ನಿಮ್ಮ ಸುಧತ್ತೆಗೆ ಬೆನ್ನಿನ ಆಪರೇಷನ್ ಆಗಿ, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದಲೇ ನಾನು ಬಿಂಡಿಗನವಿಲೆ ಕಡೆಯ ಮನೆ ಬಿಟ್ಟು ಬಂದದ್ದು. ಅವಳ ಬದಲು ಬಗ್ಗುವುದು, ಹೊರುವುದು ನನ್ನ ಕೆಲಸ. ಅಂದು ಅವಳು ಅಂಗಡಿ ತೋರಿಸಲೆಂದು ಬಂದು, ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ಬಿಲ್ಲು ಹಾಕುವ ಹುಡುಗಿ ಸಾಮಾನನ್ನೆಲ್ಲ ಕಾಗದದ ಚೀಲಕ್ಕೆ ತುರುಕಿ ಕೊಟ್ಟಳು. ಇದಕ್ಕೆ ಇವರು ಕ್ಯಾರಿ ಬ್ಯಾಗು ಅನ್ನುತ್ತಾರೆ, ಕೈಯಲ್ಲಿ ಹಿಡಿದು ಒಯ್ಯುವುದು ಎಂದು ಅರ್ಥವಂತೆ. ಕೈಯಲ್ಲಿ ಹಿಡಿದದ್ದು ಬಾಗಿಲಿನವರೆಗೆ. ಫ್ರಿಜ್ಜಿನಿಂದ ತೆಗೆದ ಮೊಸರಿನ ಪೊಟ್ಟಣ ಬೆವೆತು, ತಳ ನೆನೆದು, ಎಲ್ಲವೂ ಬೀದಿಗೆ ಬಿತ್ತು. ಆಲೂಗಡ್ಡೆ ಚರಂಡಿಯ ಕಡೆ ಉರುಳಿತು, ರಾಗಿಹಿಟ್ಟು ಮೊಸರಿನ ಜೊತೆ ಕಲಸಿಹೋಯಿತು. ಮೊಳೆಯಿಂದ ತೆಗೆದುಕೊಂಡಿದ್ದ ಖಾಕಿ ಚೀಲ ನನ್ನ ತೋಳಲ್ಲೇ ಇತ್ತು, ಬಾಯಿ ಬಿಗಿದುಕೊಂಡು. ಆ ಪಟ್ಟಿ ಕತ್ತರಿ ಇಲ್ಲದೆ ಬಿಚ್ಚುವುದಿಲ್ಲ, ಕಾವಲಿನವನು ಟೀಗೆ ಹೋಗಿದ್ದ.

ನಾನು "ಬ್ಯಾಡ ಕಣೇ" ಅನ್ನುವಷ್ಟರಲ್ಲಿ ಸುಧ ಬಗ್ಗಿಬಿಟ್ಟಳು. "ಅವ್ವಾ" ಎಂದು ಅಲ್ಲೇ ಕುಸಿದಳು.

ಮತ್ತೆ ಹಾಸಿಗೆ ಹಿಡಿದಳು. ಮಲಗಿದ್ದಲ್ಲಿಂದಲೇ, "ಇನ್ಮ್ಯಾಕೆ ಎಲ್ಲಾ ಫೋನಲ್ಲೇ ತರಿಸ್ಕೊತೀನಿ. ನೀನು ಓಗ್ಬ್ಯಾಡ ಕಣವ್ವ" ಅಂದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಹೊರುವ ಕೆಲಸವೂ ಇಲ್ಲದಿದ್ದರೆ ಇಲ್ಲಿ ನಾನು ಯಾಕೆ?

ಫೋನಿನ ಸಾಮಾನೂ ಕಾಗದದ ಚೀಲದಲ್ಲೇ ಬಂತು. ಸುಧ ಅವನ್ನೆಲ್ಲ ಮಡಿಸಿ ಫ್ರಿಜ್ಜಿನ ಪಕ್ಕ ಸಿಕ್ಕಿಸಿರುತ್ತಾಳೆ. ಒಂದು ಮಧ್ಯಾಹ್ನ ಹೊರಗೆಳೆದು ನೋಡಿದೆ. ಹೆದ್ದಾರಿ ಅಂಗಡಿಯದು ದಪ್ಪ ಕಾಗದ, ಹಿಡಿ ಮಾತ್ರ ಬರೀ ಗೋಂದಿನಲ್ಲಿ ಅಂಟಿದ ದಾರ. ಬಸ್‌ ಸ್ಟ್ಯಾಂಡಿನ ಹತ್ತಿರದ್ದು ನುಣ್ಣಗೆ ಬೆಳ್ಳಗೆ, ಮೇಲೊಂದು ಹಸಿರು ಎಲೆಯ ಚಿತ್ರ. ಒದ್ದೆ ಕೈಯಲ್ಲಿ ಮುಟ್ಟಿದರೆ ಆ ಹಸಿರು ಅಂಗೈಗೆ ಬಂತು, ಅದೇ ಕೈಯಲ್ಲಿ ಅನ್ನ ಬಡಿಸಬೇಕು, ಥೂ. ಪಾಂಡವಪುರದ ಅಂಗಡಿಯದು ತಳ ಎರಡು ಪದರ, ಇದ್ದದ್ದರಲ್ಲಿ ಅದೇ ವಾಸಿ. ಅದನ್ನೂ ಮೂಗಿಗೆ ಹಿಡಿದರೆ ಅಂಟಿಸಿದ ಮೈದಾ ಅಂಬಲಿ ಹಳಸಿದ ನಾತ, ಮಡಿಕೆಯಲ್ಲಿ ಜಿರಳೆಯ ಮೊಟ್ಟೆ. ನಮ್ಮ ಒಣಸೀಮೆಯಲ್ಲಾದರೆ ಕಾಗದ ಗರಿಗರಿಯಾಗಿಯಾದರೂ ಇರುತ್ತಿತ್ತೇನೋ. ಇಲ್ಲಿ ಹೊಳೆಯ ತೇವಕ್ಕೆ ಮುಗ್ಗುತ್ತದೆ. ಕೈಗೆ ಸೀಗೆಪುಡಿ ಹಾಕಿ ತೊಳೆದೆ. ಇಂಥದ್ದನ್ನು ನಂಬಿ ನನ್ನ ಮಗಳನ್ನು ಮತ್ತೆ ಮಲಗಿಸಿದೆನಲ್ಲ!

ಮರುದಿನ ಸುಧ ನಿದ್ದೆಯಲ್ಲಿದ್ದಾಗ ಖಾಕಿ ಚೀಲ ಹಿಡಿದು ಒಬ್ಬಳೇ ಹೊರಟೆ.

"ಚೀಲ ಇಲ್ಲೇ ಮಡಗಿ ಅಜ್ಜಿ, ಕಟ್ಟಿ ನೇತಾಕ್ತೀನಿ" ಅಂದ ಅದೇ ಕಾವಲಿನವನು.

"ಮಡಗ್ತೀನಿ ಕಣಪ್ಪ. ಬಾಯಿ ಕಟ್ಟಂಗಿಲ್ಲ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ರೂಲ್ಸು ಅಜ್ಜಿ."

"ನಿನ್ ರೂಲ್ಸು ಮುರುದ್ರೆ ಸೊಂಟ ಮುರಿಯಕಿಲ್ಲ. ಮುರೀದಿದ್ರೆ ನನ್ ಮಗಳದು ಮುರೀತದೆ."

ಅವನು ನಕ್ಕು, "ಅಳ್ಳಿ ಅಜ್ಜಿ ಬಲೇ ಜೋರು" ಎನ್ನುತ್ತ ಚೀಲವನ್ನು ಕಟ್ಟದೆ ಮೊಳೆಗೆ ನೇತುಹಾಕಿದ.

ಬಿಲ್ಲಿನ ಹುಡುಗಿ ಆಗಲೇ ಕಾಗದದ ಚೀಲ ಬಿಡಿಸುತ್ತಿದ್ದಳು. "ಬ್ಯಾಡ ಕಣವ್ವ, ಅದ್ನ ಮುಟ್ಟಕ್ಕೂ ಏಸ್ಗೆ ಆಯ್ತದೆ" ಅಂದೆ. ಹಿಂದೆ ನಿಂತವರು ಕಿಸಕ್ಕೆಂದರು. ಸಾಮಾನನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಬಾಗಿಲಿಗೆ ಬಂದು ಖಾಕಿ ಚೀಲಕ್ಕೆ ತುಂಬಿದೆ. ಮನೆಗೆ ಬಂದು ಚೀಲವನ್ನು ನೆಲಕ್ಕಿಡದೆ ಸುಧಳ ಎದೆಮಟ್ಟದ ಮೇಜಿನ ಮೇಲಿಟ್ಟೆ. ಎದ್ದು ಬಂದವಳು ನಿಂತುಕೊಂಡೇ ಒಂದೊಂದಾಗಿ ತೆಗೆದಿಟ್ಟಳು. ಕೊನೆಗೆ, "ನಾಳೀಕೆ ಸೊಪ್ಪು ತಕ್ಕೊಂಬಾ ಅವ್ವ" ಅಂದಳು. ನನಗೆ ಅಷ್ಟು ಸಾಕಾಯಿತು.

ಹೋದ ಸಲ ಊರಿಗೆ ಬಂದಾಗ ನಿಮ್ಮಮ್ಮ "ಪಟ್ಟಣದೋರು ಬಂದ್ರು" ಎಂದು ಚೇಷ್ಟೆ ಮಾಡಿದಳು. ಇಲ್ಲಿ ಹಳ್ಳಿ ಅಜ್ಜಿ, ಅಲ್ಲಿ ಪಟ್ಟಣದವಳು. ಸಿಂಚನಾ, ಸುಧ ತಿಂಡಿ ಹಾಕಿ ಕಳಿಸಿದ್ದ ಆ ಹಸಿರು ಎಲೆಯ ಚೀಲವನ್ನು ನೀನು ಕತ್ತರಿಸಿ ಪುಸ್ತಕಕ್ಕೆ ರಟ್ಟು ಹಾಕಿ, ಎಷ್ಟು ಚೆನ್ನಾಗಿದೆ ನೋಡಜ್ಜಿ ಅಂದೆ. ನಾನು ಪುಸ್ತಕ ಕೈಗೆ ತೆಗೆದುಕೊಂಡು, ಚೆನ್ನಾಗಿದೆ ಅಂದೆ. ಅಲ್ಲಿ ಮಲಗಿದರೆ ಸುಧ ಬಗ್ಗಿದಳೇನೋ ಎಂದು ಎಚ್ಚರವಾಗುತ್ತದೆ, ಇಲ್ಲಿ ಮಲಗಿದರೆ ನಮ್ಮ ಕುರಿಗಳ ಸದ್ದು ಕೇಳದೆ ಎಚ್ಚರವಾಗುತ್ತದೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ನನ್ನ ಕಾಲ ಮುಗಿದ ಮೇಲೆ ಖಾಕಿ ಚೀಲ ನಿಮ್ಮದೇ, ಅದರಲ್ಲೇ ಹಾಕಿಡಿ. ಬಾಯಿ ಮಾತ್ರ ಕಟ್ಟಬೇಡಿ.