ಮಾವನವರು ಮೀನಿಗೆ ಹೇಳಿದ ಮಾತು

ಪಕ್ಕದ ಮನೆಯ ಮಾಸ್ತರರು ಊರಿಗೆ ಹೋಗುವಾಗ ತಮ್ಮ ಗಾಜಿನ ಮೀನುತೊಟ್ಟಿಯನ್ನು ನನ್ನ ಬಳಿ ಬಿಟ್ಟು ಹೋಗಿದ್ದಾರೆ. ನೀರು ಕೆಟ್ಟಿದೆಯೇ ಎಂದು ನೋಡಲು ಕಾಗದದ ಚೂರುಗಳನ್ನೂ ಕೊಟ್ಟಿದ್ದಾರೆ. ಅದ್ದಿದರೆ ಬಣ್ಣ ತಿರುಗುತ್ತದಂತೆ. ನಾನು ಅದ್ದುವ ಮೊದಲೇ ಬಗ್ಗಿ ಮೂಸಿದೆ. ನಗಬೇಡಿ, ಹಳೆಯ ಚಾಳಿ. ಆ ಪಾಚಿಯ ವಾಸನೆಗೆ ಮಸ್ಕಿಯ ಮನೆ ನೆನಪಾಯಿತು.

ನಿಜಾಮನ ಆಳ್ವಿಕೆ ಆಗಷ್ಟೇ ಮುಗಿದಿತ್ತು. ನಾನು ಆ ಮನೆಗೆ ಹೊಸ ಸೊಸೆ. ಅತ್ತೆ ಮೊದಲೇ ತೀರಿಕೊಂಡಿದ್ದರು. ಗಂಡನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಅಮಾವಾಸ್ಯೆಗೆ ಬಂದರೆ ಬಂದರು. ಉಳಿದವರು ಮಾವ ಮತ್ತು ನಾನು. ಸೊಸೆಯೊಡನೆ ಮಾವ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ತವರು ನೆನೆದು ಅಳುತ್ತಿದ್ದೆ. ಒಲೆಯ ಹೊಗೆಯೆಂದು ನೆಪ ಹೇಳೋಣವೆಂದರೆ ಕೇಳುವವರೇ ಇರಲಿಲ್ಲ.

ಮೀನೆಂದರೆ ಮೂಗು ಮುಚ್ಚಿಕೊಳ್ಳುವ ಲಿಂಗವಂತರ ಮನೆ. ಆದರೂ ಅಂಗಳದ ಕಲ್ಲಿನ ಬಾನಿಯಲ್ಲಿ ಒಂದು ಮೀನಿತ್ತು, ಸೊಳ್ಳೆಯ ಮರಿ ತಿನ್ನಲೆಂದು. ಮಾವ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಾನಿಗೆ ಬಗ್ಗುತ್ತಿದ್ದರು. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, "ಉಸುರು ಕಟ್ಟಾಕತ್ತೈತೇನವಾ? ನೀರು ಹಳೇವಾಗ್ಯಾವ. ಅರ್ಧಾ ಚೆಲ್ಲಿ ಅರ್ಧಾ ತುಂಬಬೇಕು ನೋಡು," ಎನ್ನುತ್ತಿದ್ದರು. ಬಾಗಿಲ ಹಿಂದಿದ್ದ ನಾನು ಕೊಡ ಎತ್ತುತ್ತಿದ್ದೆ. ಬರಬರುತ್ತ, "ಸಾರಿಗೆ ಉಪ್ಪು ಜಾಸ್ತಿ ಆಗಿತ್ತವಾ," ಎಂಬ ದೂರೂ ಮೀನಿಗೇ ಹೋಗತೊಡಗಿತು. ಪಾಪ, ಅದು ಎಂದಾದರೂ ಒಲೆ ಹಚ್ಚಿತ್ತೇ?

ಒಮ್ಮೆ ಮಗ ಬರುತ್ತಾನೆಂಬ ಹುರುಪಿನಲ್ಲಿ ಮಾವನೇ ಬಾನಿಯನ್ನು ಸುಣ್ಣ ಹಾಕಿ ತಿಕ್ಕಿ, ಪೂರ್ತಿ ಹೊಸ ನೀರು ತುಂಬಿದರು. ಸಂಜೆಗೆ ಮೀನು ಸತ್ತು ತೇಲಿತು. ಮಗನೂ ಬರಲಿಲ್ಲ, ಪಾಳಿ ಬದಲಾಯಿತಂತೆ. ಮರುದಿನ ಮಾವ ಬಾನಿಗೆ ಬಗ್ಗಿದರು, ಬರಿಯ ನೀರು ಕಂಡು ಹೊರಗೆ ನಡೆದರು. ಮನೆಯಲ್ಲಿದ್ದ ಅಷ್ಟಿಷ್ಟು ಮಾತೂ ನಿಂತಿತು.

ಕೊನೆಗೆ ಅಗಸರ ಈರಮ್ಮನಿಗೆ ದುಂಬಾಲು ಬಿದ್ದು ಹಳ್ಳದಿಂದ ಒಂದು ಮೀನು ತರಿಸಿ ಬಾನಿಗೆ ಬಿಟ್ಟೆ. ಮರುದಿನ ಮಾವ ಬಹಳ ಹೊತ್ತು ಬಗ್ಗಿ ನೋಡಿದರು.

"ನೀರು ಹಿಡಸ್ಯಾವೇನವಾ? ಹೊಸ ಮನಿ, ಒಬ್ಬಾಕಿ. ಬ್ಯಾಸರ ಆಗತೈತಿ, ನನಗ ತಿಳೀತೈತಿ."

ಮೀನಿನ ಪರವಾಗಿ ಬಾಗಿಲ ಹಿಂದಿನಿಂದ ನಾನೇ ಬಾಯಿ ಬಿಟ್ಟೆ: "ಹಿಡಸ್ಯಾವ್ರಿ, ಮಾವಾರ."

ಮಾವ ತಿರುಗಿ ನೋಡಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡು, "ಹಂಗಾದ್ರ ಉಣ್ಣು ಹೋಗವಾ, ರೊಟ್ಟಿ ಆರತೈತಿ," ಎಂದರು.

ಈಗ ಮಾವನೂ ಇಲ್ಲ, ಗಂಡನೂ ಇಲ್ಲ. ಮಾಸ್ತರರು ನಾಳೆ ಬಂದು ತೊಟ್ಟಿ ಒಯ್ಯುತ್ತಾರೆ. ಗಾಜಿನ ಮುಂದೆ ಕೂತು, "ಉಂಡೇನವಾ?" ಎಂದು ಮೀನನ್ನು ಕೇಳಿದೆ. ಕೇಳಿ, ನನಗರಿವಿಲ್ಲದೆ ಬಾಗಿಲ ಕಡೆ ನೋಡಿದೆ; ಅದರ ಹಿಂದೆ ಯಾರೂ ಇರಲಿಲ್ಲ. ಆ ಮನೆಯಲ್ಲಿ ಒಂಟಿಯಾಗಿದ್ದವಳು ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದಿದ್ದೆನಲ್ಲ! ಆದರೂ ಮಾವನವರಿಗೆ ಬಾಗಿಲ ಹಿಂದೆ ನಾನಾದರೂ ಇದ್ದೆ.